ಕಣ್ಣಿನ ಕ್ಯಾನ್ಸರ್ ಇರುವ ಮಗು, ನಾಲ್ಕು ಆಸ್ಪತ್ರೆ, ಒಂದು ಫೈಲು

ಪ್ರಶ್ನೆ: ನಾವು ರಾಯಚೂರು ಜಿಲ್ಲೆಯವರು. ನನ್ನ ಅಕ್ಕನ ಮಗನಿಗೆ 22 ತಿಂಗಳು. ಎರಡೂ ಕಣ್ಣಲ್ಲಿ ರೆಟಿನೊಬ್ಲಾಸ್ಟೋಮಾ ಇದೆ ಎಂದು ಹೋದ ತಿಂಗಳು ಗೊತ್ತಾಯಿತು. ಬಲಗಣ್ಣು ತೆಗೆಯಬೇಕು, ಎಡಗಣ್ಣಿಗೆ ಕೀಮೋ ಮತ್ತು ಲೇಸರ್ ಮಾಡಿದರೆ ಉಳಿಯಬಹುದು ಎಂದಿದ್ದಾರೆ. ಕಣ್ಣು ನೋಡುವವರು ಒಂದು ಆಸ್ಪತ್ರೆ, ಕೀಮೋ ಇನ್ನೊಂದು ಕಡೆ, ಎಂಆರ್‌ಐ ಮತ್ತೊಂದು ಕಡೆ, ಲ್ಯಾಬ್ ಇನ್ನೆಲ್ಲೋ. ಒಬ್ಬರು ಹೇಳಿದ್ದು ಇನ್ನೊಬ್ಬರಿಗೆ ಗೊತ್ತಿರುವುದಿಲ್ಲ. ಇದೆಲ್ಲ ನಮ್ಮ ಜಿಲ್ಲಾ ಆಸ್ಪತ್ರೆಯಲ್ಲೇ ಯಾಕೆ ಆಗುವುದಿಲ್ಲ? ಬೇರೆ ಬಡ ದೇಶಗಳಲ್ಲಿ ಹೇಗೆ ಮಾಡುತ್ತಾರೆ? ಅಕ್ಕ ಈಗ ಐದು ತಿಂಗಳ ಗರ್ಭಿಣಿ. ಅವಳನ್ನು ಎಷ್ಟು ಅಂತ ಅಲೆದಾಡಿಸುವುದು?

ಉತ್ತರ: ನಿಮ್ಮ ಪತ್ರದ ಒಂದು ಸಾಲಿನ ಕೆಳಗೆ ಗೆರೆ ಎಳೆದುಕೊಂಡೆ. ‘ಒಬ್ಬರು ಹೇಳಿದ್ದು ಇನ್ನೊಬ್ಬರಿಗೆ ಗೊತ್ತಿರುವುದಿಲ್ಲ.’ ನಮ್ಮಂಥ ದೇಶಗಳಲ್ಲಿ ಈ ಕಾಯಿಲೆಯ ಮಕ್ಕಳನ್ನು ನಾವು ಕಳೆದುಕೊಳ್ಳುವುದು ಎರಡು ಕಡೆ. ಒಂದು, ಆಸ್ಪತ್ರೆಗೆ ಬರುವಷ್ಟರಲ್ಲೇ ತಡವಾಗಿರುತ್ತದೆ. ಇನ್ನೊಂದು, ಬಂದ ಮೇಲೆ ಆಸ್ಪತ್ರೆ ಆಸ್ಪತ್ರೆಗಳ ನಡುವಿನ ದಾರಿಯಲ್ಲಿ ಮಗು ಕೈ ತಪ್ಪುತ್ತದೆ. ಮೊದಲನೆಯದನ್ನು ನೀವು ದಾಟಿ ಬಂದಿದ್ದೀರಿ. ಈಗ ಎರಡನೆಯದರ ಮೇಲೆ ಕಣ್ಣಿಡಬೇಕು.

ಔಷಧಿ ಸಿಗುವುದಿಲ್ಲ ಎಂಬ ಕಾಯಿಲೆ ಇದಲ್ಲ. ಈ ಕ್ಯಾನ್ಸರ್‌ಗೆ ಕೊಡುವ ಮುಖ್ಯ ಕೀಮೋ ಮೂರು: ವಿನ್‌ಕ್ರಿಸ್ಟಿನ್, ಎಟೊಪೊಸೈಡ್, ಕಾರ್ಬೋಪ್ಲಾಟಿನ್. ಮೂರೂ ವಿಶ್ವ ಆರೋಗ್ಯ ಸಂಸ್ಥೆಯ ಮಕ್ಕಳ ಅಗತ್ಯ ಔಷಧಿಗಳ ಪಟ್ಟಿಯಲ್ಲಿವೆ. ಮೂರೂ ಹಳೆಯವು, ನಮ್ಮ ದೇಶದಲ್ಲೇ ತಯಾರಾಗುತ್ತವೆ. ಲೇಸರ್ ಹಳೆಯದು, ಗಡ್ಡೆಯನ್ನು ಹೆಪ್ಪುಗಟ್ಟಿಸಿ ಸಾಯಿಸುವ ಕ್ರಯೋ ಹಳೆಯದು. ಕಣ್ಣು ತೆಗೆಯುವ ಆಪರೇಷನ್ ಅಂತೂ ಎಲ್ಲಕ್ಕಿಂತ ಹಳೆಯದು. ಆದರೂ ನೋಡಿ. 2017ರಲ್ಲಿ ಪತ್ತೆಯಾದ 4 ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಜಗತ್ತಿನ ಕಣ್ಣಿನ ಕ್ಯಾನ್ಸರ್ ವೈದ್ಯರೆಲ್ಲ ಸೇರಿ ಲೆಕ್ಕ ಹಾಕಿದರು. ಮೂರು ವರ್ಷದ ನಂತರ ಶ್ರೀಮಂತ ದೇಶಗಳಲ್ಲಿ 99.5% ಮಕ್ಕಳು ಬದುಕಿದ್ದರು. ಭಾರತದ ಮಟ್ಟದ ಆದಾಯದ ದೇಶಗಳಲ್ಲಿ ಸುಮಾರು 80%. ತೀರಾ ಬಡ ದೇಶಗಳಲ್ಲಿ 57%. ಗಡ್ಡೆ ಒಂದೇ, ಔಷಧಿಯೂ ಬಹುಪಾಲು ಒಂದೇ. ಮಗು ಆಸ್ಪತ್ರೆ ಮುಟ್ಟುವ ವಯಸ್ಸಿನಲ್ಲೇ ವ್ಯತ್ಯಾಸ ಶುರುವಾಗುತ್ತದೆ. ಶ್ರೀಮಂತ ದೇಶಗಳಲ್ಲಿ ಅದು ಸುಮಾರು 14 ತಿಂಗಳು, ಬಡ ದೇಶಗಳಲ್ಲಿ 30. ಅಷ್ಟು ಹೊತ್ತಿಗೆ ಬಡ ದೇಶಗಳ ಅರ್ಧದಷ್ಟು ಮಕ್ಕಳಲ್ಲಿ ಗಡ್ಡೆ ಕಣ್ಣಿನಿಂದ ಆಚೆ ಬಂದಿರುತ್ತದೆ. ನಿಮ್ಮ ಹುಡುಗನಲ್ಲಿ ಕಣ್ಣೊಳಗೇ ಇದೆ ಎಂದು ಸ್ಕ್ಯಾನ್ ಹೇಳಿದ್ದರೆ ನೀವು ಒಳ್ಳೆಯ ಜಾಗದಲ್ಲೇ ಇದ್ದೀರಿ.

ನನ್ನದೇ ಒಂದು ಸೋಲು ಹೇಳಿಬಿಡುತ್ತೇನೆ. ಆಗ ನಾನು ಇನ್ನೂ ಹೊಸಬ. ಮೂರು ವರ್ಷದ ಹುಡುಗಿ, ಒಂದೇ ಕಣ್ಣಲ್ಲಿ ದೊಡ್ಡ ಗಡ್ಡೆ. ಕಣ್ಣು ತೆಗೆದೆವು, ಆಪರೇಷನ್ ಚೆನ್ನಾಗಿಯೇ ಆಯಿತು. ತೆಗೆದ ಕಣ್ಣು ಲ್ಯಾಬಿಗೆ ಹೋಯಿತು. ಹತ್ತು ದಿನಕ್ಕೆ ವರದಿಯೂ ಬಂತು: ಗಡ್ಡೆ ಕಣ್ಣಿನ ನರದೊಳಕ್ಕೆ ಇಳಿದಿದೆ. ಅಂದರೆ ಕೀಮೋ ಬೇಕೇ ಬೇಕು. ಆ ವರದಿ ಫೈಲಿನೊಳಗೆ ಸೇರಿತು, ಫೈಲು ರ‍್ಯಾಕ್ ಸೇರಿತು. ಕಣ್ಣು ತೆಗೆದಾಯ್ತಲ್ಲ, ಮುಗಿಯಿತು ಎಂದು ಮನೆಯವರು ಊರಿಗೆ ಹೋಗಿದ್ದರು. ವರದಿ ತೆಗೆದುಕೊಳ್ಳಲು ಅವರೇ ಬರುತ್ತಾರೆ ಎಂದು ನಾವು ಸುಮ್ಮನಿದ್ದೆವು. ಕೀಮೋ ಮಾಡುವವರಿಗೆ ಇಂಥದ್ದೊಂದು ಮಗು ಇದೆ ಎಂದೇ ಗೊತ್ತಿರಲಿಲ್ಲ. ಐದು ತಿಂಗಳ ನಂತರ ಹುಡುಗಿ ಬಂದಳು, ಖಾಲಿ ಕಣ್ಣಿನ ಗೂಡಿನಲ್ಲಿ ಊತದೊಂದಿಗೆ. ಅಲ್ಲಿ ಯಾವ ವೈದ್ಯರೂ ತಪ್ಪು ಚಿಕಿತ್ಸೆ ಕೊಟ್ಟಿರಲಿಲ್ಲ. ಒಂದು ಫೋನ್ ಮಾಡಬೇಕಿತ್ತು, ಅದು ಯಾರ ಕೆಲಸ ಎಂದು ಯಾರೂ ಬರೆದಿಟ್ಟಿರಲಿಲ್ಲ, ಅಷ್ಟೇ.

ಈಗ ನಿಮ್ಮ ಮೊದಲ ಪ್ರಶ್ನೆ. ಜಿಲ್ಲಾ ಆಸ್ಪತ್ರೆಯಲ್ಲೇ ಯಾಕಿಲ್ಲ?

ಇದು ಸುಮಾರು 16ರಿಂದ 18 ಸಾವಿರ ಹೆರಿಗೆಗೆ ಒಂದು ಮಗುವಿಗೆ ಬರುವ ಕಾಯಿಲೆ. ಇಡೀ ಭಾರತದಲ್ಲಿ ವರ್ಷಕ್ಕೆ ಸುಮಾರು 1,500 ಹೊಸ ಮಕ್ಕಳು. ಜಗತ್ತಿನ ಯಾವ ದೇಶದಲ್ಲೂ ಇಷ್ಟಿಲ್ಲ. ಆದರೆ ಜಿಲ್ಲೆಗೆ ಹಂಚಿ ನೋಡಿ. ವರ್ಷಕ್ಕೆ 40 ಸಾವಿರ ಹೆರಿಗೆ ಆಗುವ ಜಿಲ್ಲೆಯಲ್ಲಿ ಎರಡೋ ಮೂರೋ ಮಕ್ಕಳು. ವರ್ಷಕ್ಕೆ ಎರಡು ಕಣ್ಣು ನೋಡುವ ಡಾಕ್ಟರ ಕೈಗೆ ನಿಮ್ಮ ಮಗುವಿನ ಉಳಿದಿರುವ ಒಂದೇ ಒಳ್ಳೆ ಕಣ್ಣು ಕೊಡುತ್ತೀರಾ? ನಾನಂತೂ ಕೊಡುವುದಿಲ್ಲ. ಬ್ರಿಟನ್‌ನಂಥ ಶ್ರೀಮಂತ ದೇಶದಲ್ಲೇ ಈ ಕಾಯಿಲೆಗೆ ಇರುವುದು ಎರಡೇ ಕೇಂದ್ರ, ಒಂದು ಲಂಡನ್, ಇನ್ನೊಂದು ಬರ್ಮಿಂಗ್‌ಹ್ಯಾಮ್. ಸ್ಕಾಟ್ಲೆಂಡ್ ತುದಿಯ ಮಗುವೂ ಅಲ್ಲಿಗೇ ಬರಬೇಕು. ಆದರೆ ಕೀಮೋವನ್ನು ಮನೆ ಹತ್ತಿರದ ಮಕ್ಕಳ ಆಸ್ಪತ್ರೆಯಲ್ಲಿ, ಕೇಂದ್ರ ಬರೆದುಕೊಟ್ಟ ಚೀಟಿಯ ಪ್ರಕಾರ ಕೊಡಿಸುವ ಏರ್ಪಾಟು ಅಲ್ಲಿದೆ. ಕಣ್ಣು ನೋಡುವುದು ಒಂದೇ ಕಡೆ, ಉಳಿದದ್ದು ಆದಷ್ಟು ಮನೆ ಹತ್ತಿರ. ನನ್ನ ಪ್ರಕಾರ ನಮಗೂ ಇದೇ ಸರಿ.

ಹಾಗಾದರೆ ಜಿಲ್ಲೆಯಲ್ಲಿ ಏನಿರಬೇಕು? ಮೊದಲು ಗುರುತಿಸುವ ಕಣ್ಣು. ಕತ್ತಲ ಮೂಲೆಯಲ್ಲಿ ಟ್ಯೂಬ್‌ಲೈಟ್ ಬೆಳಕು ಬಿದ್ದಾಗ ಮಗುವಿನ ಕಣ್ಣಿನ ಕರಿಗುಡ್ಡೆ ಬೆಳ್ಳಗೆ ಮಿನುಗುತ್ತದೆ. ಅಮ್ಮಂದಿರು ಇದನ್ನು ಎಲ್ಲರಿಗಿಂತ ಮೊದಲು ನೋಡುತ್ತಾರೆ. ‘ರಾತ್ರಿ ಹೊತ್ತು ಬೆಕ್ಕಿನ ಕಣ್ಣಿನ ಹಾಗೆ ಹೊಳೆಯುತ್ತೆ ಡಾಕ್ಟ್ರೇ’ ಎಂದು ನನ್ನ ಮುಂದೆ ಕೂತು ಎಷ್ಟು ಜನ ಹೇಳಿದ್ದಾರೋ. ಆದರೆ ಅದಕ್ಕೂ ಮುಂಚೆ ಯಾರೋ ಅವರಿಗೆ ಪೊರೆ ಇರಬೇಕು, ದೊಡ್ಡವನಾದ ಮೇಲೆ ನೋಡೋಣ ಎಂದಿರುತ್ತಾರೆ. ಕಣ್ಣು ಮೆಳ್ಳೆಯಾದರೆ ಅದೃಷ್ಟ ಎನ್ನುವವರೂ ಇದ್ದಾರೆ. ಮೆಳ್ಳೆಗಣ್ಣು ಈ ಕ್ಯಾನ್ಸರಿನ ಎರಡನೇ ಲಕ್ಷಣ. ಕಣ್ಣಿಗೆ ಎದೆಹಾಲು ಹಿಂಡಿ, ಸೊಪ್ಪಿನ ರಸ ಬಿಟ್ಟು, ಎರಡು ತಿಂಗಳು ಕಳೆದಿರುತ್ತದೆ. ಇದರಲ್ಲಿ ತಾಯಂದಿರನ್ನು ದೂರುವುದು ಅನ್ಯಾಯ. ಅವರು ತೋರಿಸಿದ್ದಾರೆ, ನೋಡಬೇಕಾದವರು ನೋಡಿಲ್ಲ.

ಹೊಂಡುರಾಸ್ ಎಂಬ ಪುಟ್ಟ ದೇಶ ಇಲ್ಲಿ ಒಂದು ಜಾಣತನ ಮಾಡಿತು. ಮಧ್ಯ ಅಮೆರಿಕದ ಬಡ ದೇಶ. 2003ರ ಹೊತ್ತಿಗೆ ಲಸಿಕೆ ಅಭಿಯಾನದ ಜೊತೆಗೇ ಬಿಳಿ ಮಿನುಗಿನ ಬಗ್ಗೆ ತಾಯಂದಿರಿಗೆ ಹೇಳುವ ಕೆಲಸ ಜೋಡಿಸಿದರು. ಲಸಿಕೆಗೆ ಎಲ್ಲ ಮಕ್ಕಳೂ ಬರುತ್ತಾರಲ್ವಾ? ಬೇರೆ ಸಿಬ್ಬಂದಿ ಬೇಡ, ಬೇರೆ ದಿನ ಬೇಡ. ಮುಂಚೆ ಅಲ್ಲಿ 73% ಮಕ್ಕಳು ಗಡ್ಡೆ ಕಣ್ಣಿನಿಂದ ಹೊರಬಂದ ಮೇಲೆ ಬರುತ್ತಿದ್ದರು. ಅಭಿಯಾನದ ನಂತರ ಅದು 35%ಕ್ಕೆ ಇಳಿಯಿತು. ಹೊಸ ಯಂತ್ರವಿಲ್ಲ, ಹೊಸ ಔಷಧಿಯಿಲ್ಲ, ಪೋಸ್ಟರು ಮತ್ತು ಮಾತು.

ಕೀನ್ಯಾದ್ದು ಇನ್ನೂ ಉದ್ದದ ಕಥೆ, ನಿಮ್ಮ ಪ್ರಶ್ನೆಗೆ ಹತ್ತಿರದ್ದು ಕೂಡ. ಅಲ್ಲಿ ಕಣ್ಣಿನ ವೈದ್ಯರಿದ್ದರು, ಕೀಮೋ ಇತ್ತು, ಪೆಥಾಲಜಿ ಇತ್ತು, ಎಲ್ಲವೂ ಚೂರು ಚೂರು. 2008ರಲ್ಲಿ ಕೀನ್ಯಾದ ವೈದ್ಯರು ಮತ್ತು ಕೆನಡಾದ ಟೊರಾಂಟೊ ನಗರದ ಸಿಕ್‌ಕಿಡ್ಸ್ ಆಸ್ಪತ್ರೆಯ ತಂಡ ಸೇರಿ ಒಂದು ರಾಷ್ಟ್ರೀಯ ರೆಟಿನೊಬ್ಲಾಸ್ಟೋಮಾ ಯೋಜನೆ ಶುರು ಮಾಡಿದರು. ಮೊದಲ ಕೆಲಸ ಸಲಕರಣೆ ಕೊಳ್ಳುವುದಾಗಿರಲಿಲ್ಲ. ದೇಶದಲ್ಲಿ ಯಾವ ಆಸ್ಪತ್ರೆ ಏನು ಮಾಡಬಲ್ಲದು, ಏನು ಮಾಡಲಾರದು ಎಂದು ಒಂದೇ ಮೇಜಿನ ಸುತ್ತ ಕೂತು ಒಪ್ಪಿಕೊಳ್ಳುವುದಾಗಿತ್ತು. ಇದು ಕೇಳಲು ಸುಲಭ. ‘ಇದು ನಮ್ಮಲ್ಲಿ ಆಗುವುದಿಲ್ಲ, ಅವರ ಹತ್ತಿರ ಕಳಿಸಿ’ ಎಂದು ಒಬ್ಬ ಡಾಕ್ಟರ ಬಾಯಲ್ಲಿ ಹೇಳಿಸುವುದು ಎಷ್ಟು ಕಷ್ಟ ಎಂದು ನಮ್ಮ ವೃತ್ತಿಯಲ್ಲಿರುವವರಿಗೆ ಗೊತ್ತು. ಆಮೇಲೆ ಇಡೀ ದೇಶಕ್ಕೆ ಒಂದೇ ಮಾರ್ಗಸೂಚಿ ಬರೆದರು. ಎಲ್ಲ ತಾಯಂದಿರಿಗೂ ಕೊಡುವ ತಾಯಿ-ಮಗು ಪುಸ್ತಕದಲ್ಲಿ ಕಣ್ಣಿನ ಬಿಳಿ ಮಿನುಗಿನ ಪ್ರಶ್ನೆ ಸೇರಿತು. ನಮ್ಮ ತಾಯಿ ಕಾರ್ಡಿನಂಥದ್ದೇ ಪುಸ್ತಕ ಅದು. ಆಶಾ ಕಾರ್ಯಕರ್ತೆ ಲಸಿಕೆ ಹಾಕಿಸಿ ಗುರುತು ಹಾಕುವಾಗ ‘ಕಣ್ಣು ಬೆಳ್ಳಗೆ ಮಿನುಗಿದ್ದು ನೋಡಿದ್ದೀರಾ?’ ಎಂದು ಒಂದು ಸಾಲು ಕೇಳಿದರೆ ಏನು ಖರ್ಚು ಹೇಳಿ.

ಜೋರ್ಡಾನ್ ಇನ್ನೊಂದು ದಾರಿ ಹಿಡಿಯಿತು. ಅಮ್ಮಾನ್ ನಗರದ ಕಿಂಗ್ ಹುಸೇನ್ ಕ್ಯಾನ್ಸರ್ ಕೇಂದ್ರ, ಅಮೆರಿಕದ ಮೆಂಫಿಸ್‌ನ ಸೇಂಟ್ ಜೂಡ್ ಆಸ್ಪತ್ರೆ, ಎರಡೂ ಜೋಡಿಯಾದವು. ಇಲ್ಲಿ ಮಗುವಿಗೆ ಅರಿವಳಿಕೆ ಕೊಟ್ಟು, ಕಣ್ಣಿನ ಒಳಭಾಗದ ಚಿತ್ರ ತೆಗೆದು ಅಲ್ಲಿಗೆ ಕಳಿಸುವುದು. ಇಬ್ಬರೂ ಪರದೆಯ ಮುಂದೆ ಕೂತು ಯಾವ ಕಣ್ಣಿಗೆ ಏನು ಎಂದು ಮಾತಾಡುವುದು. ನಿರ್ಧಾರ, ಕೆಲಸ ಎರಡೂ ಅಮ್ಮಾನಿನವರದ್ದೇ. ಕೆಲವೇ ವರ್ಷಗಳಲ್ಲಿ ಮುಂಚೆ ತೆಗೆದುಬಿಡುತ್ತಿದ್ದ ಕಣ್ಣುಗಳನ್ನು ಉಳಿಸಲು ಕಲಿತರು. ಮಗು ವಿಮಾನ ಹತ್ತಲಿಲ್ಲ, ಚಿತ್ರ ಹತ್ತಿತು.

ಈ ವಿದ್ಯೆ ಕರ್ನಾಟಕಕ್ಕೆ ಹೊಸದಲ್ಲ ಎಂದು ಹೇಳಲೇಬೇಕು. 2008ರಿಂದ ಇಲ್ಲಿ ಕಿಡ್ರಾಪ್ ಎಂಬ ಕಾರ್ಯಕ್ರಮ ನಡೆಯುತ್ತಿದೆ. ಬೆಂಗಳೂರಿನ ನಾರಾಯಣ ನೇತ್ರಾಲಯದ ಡಾ. ಆನಂದ್ ವಿನೇಕರ್ ಶುರು ಮಾಡಿದ್ದು. ತಂತ್ರಜ್ಞರು ಕ್ಯಾಮೆರಾ ಹೊತ್ತುಕೊಂಡು ಜಿಲ್ಲೆ ಜಿಲ್ಲೆಯ ನವಜಾತ ಶಿಶು ಘಟಕಗಳಿಗೆ ಹೋಗುತ್ತಾರೆ, ಅವಧಿಗೆ ಮುಂಚೆ ಹುಟ್ಟಿದ ಮಕ್ಕಳ ರೆಟಿನಾ ಚಿತ್ರ ತೆಗೆಯುತ್ತಾರೆ, ಬೆಂಗಳೂರಿನಲ್ಲಿ ಕೂತ ವೈದ್ಯರು ಅದನ್ನು ನೋಡುತ್ತಾರೆ. ಅದು ಬೇರೆ ಕಾಯಿಲೆಗೆ ಮಾಡಿದ ಏರ್ಪಾಟು. ಆದರೆ ಕ್ಯಾಮೆರಾ ಅದೇ ಜಾತಿಯದ್ದು, ರಸ್ತೆ ಅದೇ, ಇಂಟರ್ನೆಟ್ ಅದೇ. ಕ್ಯಾನ್ಸರ್ ಮಕ್ಕಳ ಫಾಲೋ-ಅಪ್‌ಗೂ ಇದೇ ದಾರಿ ಬಳಸಬಹುದು ಎಂದು ನಾನು ಬಹಳ ದಿನದಿಂದ ವಾದ ಮಾಡುತ್ತಾ ಬಂದಿದ್ದೇನೆ. ಎರಡು ವರ್ಷದ ಮಗು ನವಜಾತ ಶಿಶುವಿನ ಹಾಗೆ ಸುಮ್ಮನೆ ಮಲಗುವುದಿಲ್ಲ, ಅರಿವಳಿಕೆ ಬೇಕು ಎನ್ನುವುದು ಒಂದು ತೊಡಕು. ಸಣ್ಣ ತೊಡಕೇನಲ್ಲ, ಒಪ್ಪುತ್ತೇನೆ.

ಈಗ ಕಷ್ಟದ ಮಾತಿಗೆ ಬರೋಣ. ಬಲಗಣ್ಣು ತೆಗೆಯುವುದು.

ನೀವು ಬರೆದಿಲ್ಲ, ಆದರೆ ಮನೆಯಲ್ಲಿ ಈ ಬಗ್ಗೆ ಜಗಳ ನಡೆಯುತ್ತಿರಬಹುದು. ಎಲ್ಲ ಮನೆಯಲ್ಲೂ ನಡೆಯುತ್ತದೆ. ಅಜ್ಜಿ ಅಳುತ್ತಾರೆ. ಯಾರೋ ಆಯುರ್ವೇದದವರ ನಂಬರ್ ಕೊಡುತ್ತಾರೆ. ಈ ಕಾಯಿಲೆಯಲ್ಲಿ ಚಿಕಿತ್ಸೆ ಬಿಟ್ಟು ಹೋಗುವವರಲ್ಲಿ ಬಹಳ ಜನ ಹೋಗುವುದು ಇದೇ ತಿರುವಿನಲ್ಲಿ. ಮಧ್ಯ ಅಮೆರಿಕದ ಮಕ್ಕಳ ಕ್ಯಾನ್ಸರ್ ವೈದ್ಯರು 1998ರಲ್ಲಿ ಒಂದು ಒಕ್ಕೂಟ ಕಟ್ಟಿಕೊಂಡರು. ಅವರು ಇದಕ್ಕೆ ಕಂಡುಕೊಂಡ ಉಪಾಯ ನನಗೆ ತುಂಬಾ ಇಷ್ಟ. ಕಣ್ಣು ತೆಗೆಯಲು ಒಪ್ಪದ ಮನೆಯವರನ್ನು ಬೈದು ಕಳಿಸುವ ಬದಲು, ಮೊದಲು ಎರಡು ಮೂರು ಸಲ ಕೀಮೋ ಕೊಡುವುದು. ಗಡ್ಡೆ ಕುಗ್ಗುತ್ತದೆ, ಊದಿದ ಕಣ್ಣಾದರೆ ಆಪರೇಷನ್‌ನಲ್ಲಿ ಒಡೆಯುವ ಭಯ ಕಡಿಮೆ. ಅದಕ್ಕಿಂತ ಮುಖ್ಯವಾಗಿ, ಮನೆಯವರಿಗೆ ಯೋಚಿಸಲು ಸಮಯ ಸಿಗುತ್ತದೆ, ವಾರ್ಡಿನಲ್ಲಿ ಬೇರೆ ಮಕ್ಕಳನ್ನು ನೋಡುತ್ತಾರೆ. ಕೃತಕ ಕಣ್ಣು ಹಾಕಿಕೊಂಡು ಓಡಾಡುವ ಐದು ವರ್ಷದ ಹುಡುಗನೊಬ್ಬ ಮಾಡುವ ಕೆಲಸವನ್ನು ನನ್ನ ಹತ್ತು ವಿವರಣೆಗಳು ಮಾಡಲಾರವು. ನಿಮ್ಮ ಆಸ್ಪತ್ರೆಯಲ್ಲಿ ಕೇಳಿ: ‘ಕಣ್ಣು ತೆಗೆಸಿಕೊಂಡ ಮಗುವಿನ ಅಪ್ಪ ಅಮ್ಮನ ಜೊತೆ ಮಾತಾಡಬಹುದಾ?’ ಎಂದು. ಬಹಳಷ್ಟು ಕಡೆ ಸಂತೋಷದಿಂದ ಮಾತಾಡಿಸುತ್ತಾರೆ.

ಆದರೆ ಇದನ್ನು ‘ತೆಗೆಸದಿದ್ದರೂ ನಡೆಯುತ್ತದೆ’ ಎಂದು ಓದಿಕೊಳ್ಳಬೇಡಿ. ಕೀಮೋದಿಂದ ಕಣ್ಣು ಹೊರಗಿನಿಂದ ಚೆನ್ನಾಗಿ ಕಾಣತೊಡಗಿದಾಗ ಓಡಿಹೋಗುವವರಿದ್ದಾರೆ. ಅದು ಇನ್ನೂ ಅಪಾಯ. ಇನ್ನೊಂದು ಮಾತು ಖಡಾಖಂಡಿತವಾಗಿ ಹೇಳುತ್ತೇನೆ. ಬೇರೆ ಗಡ್ಡೆಗಳ ಹಾಗೆ ಕಣ್ಣಿಗೆ ಸೂಜಿ ಚುಚ್ಚಿ ಬಯಾಪ್ಸಿ ಮಾಡೋಣ ಎಂದು ಯಾರಾದರೂ ಹೇಳಿದರೆ ಮಗುವನ್ನು ಎತ್ತಿಕೊಂಡು ಎದ್ದು ಬನ್ನಿ. ಸೂಜಿಯ ದಾರಿಯಲ್ಲಿ ಗಡ್ಡೆಯ ಕಣ ಹೊರಗೆ ಬರುತ್ತದೆ. ಈ ಕಾಯಿಲೆಯನ್ನು ಕಣ್ಣು ನೋಡಿ, ಸ್ಕ್ಯಾನ್ ನೋಡಿ ಹೇಳಬೇಕು.

ಕಣ್ಣು ತೆಗೆದ ದಿನವೇ ಒಳಗೆ ಒಂದು ಗುಂಡು ಇಡುತ್ತಾರೆ. ಸುಮಾರು ಆರು ವಾರಕ್ಕೆ ಗಾಯ ಮಾಗಿದ ಮೇಲೆ ಕೃತಕ ಕಣ್ಣು. ಅದನ್ನು ಮಾಡುವವರು ಮತ್ತೆ ಬೇರೆಯೇ ಮನುಷ್ಯರು. ಮಗು ಬೆಳೆದಂತೆ ಅದನ್ನು ಬದಲಾಯಿಸುತ್ತಾ ಹೋಗಬೇಕು. ಆಪರೇಷನ್‌ಗೆ ಮುಂಚೆಯೇ ಅವರನ್ನು ಒಮ್ಮೆ ಭೇಟಿ ಮಾಡಿಸಿ. ಮನಸ್ಸು ಎಷ್ಟೋ ಹಗುರಾಗುತ್ತದೆ.

ಎಡಗಣ್ಣಿನ ವಿಷಯದಲ್ಲಿ ನಿಮ್ಮ ಓಡಾಟದ ಅಸಲಿ ತಲೆನೋವು ಇರುವುದು. ಕೀಮೋ ಮೂರರಿಂದ ನಾಲ್ಕು ವಾರಕ್ಕೊಮ್ಮೆ, ಸಾಮಾನ್ಯವಾಗಿ ಆರು ಸಲ. ಅದು ಗಡ್ಡೆಯನ್ನು ಕುಗ್ಗಿಸುತ್ತದೆ ಅಷ್ಟೇ, ಪೂರ್ತಿ ಸಾಯಿಸುವುದು ಲೇಸರ್ ಅಥವಾ ಕ್ರಯೋ. ಕುಗ್ಗಿದ ಹೊತ್ತಿನಲ್ಲೇ ಲೇಸರ್ ಬೀಳಬೇಕು. ಒಂದು ಆಸ್ಪತ್ರೆ ಕೀಮೋ ಸರಿಯಾಗಿ ಕೊಟ್ಟು, ಇನ್ನೊಂದರಲ್ಲಿ ಲೇಸರ್ ದಿನ ತಪ್ಪಿತು ಎಂದುಕೊಳ್ಳಿ. ಗಡ್ಡೆ ಮತ್ತೆ ಬೆಳೆಯುತ್ತದೆ, ಕೀಮೋ ದಂಡವಾಗುತ್ತದೆ. ಆದ್ದರಿಂದ ಎರಡೂ ಕಡೆಯ ದಿನಾಂಕಗಳನ್ನು ಒಟ್ಟಿಗೆ ಕೂಡಿಸಬೇಕು. ಒಂದು ದಿನ ಅರಿವಳಿಕೆಯಲ್ಲಿ ಕಣ್ಣಿನ ಪರೀಕ್ಷೆ ಮತ್ತು ಲೇಸರ್, ಮರುದಿನ ಕೀಮೋ. ಕೀಮೋ ಬರೆಯುವವರು ಹಿಂದಿನ ದಿನದ ಕಣ್ಣಿನ ಚಿತ್ರ ನೋಡಿಯೇ ಬರೆಯಬೇಕು. ‘ನಮ್ಮ ಮಗುವಿನ ಬಗ್ಗೆ ಟ್ಯೂಮರ್ ಬೋರ್ಡಿನಲ್ಲಿ ಮಾತಾಗಿದೆಯಾ?’ ಎಂದು ಕೇಳಲು ಹಿಂಜರಿಯಬೇಡಿ. ಕಣ್ಣು, ಕೀಮೋ, ಸ್ಕ್ಯಾನ್, ಲ್ಯಾಬ್ ಎಲ್ಲ ವೈದ್ಯರೂ ಒಟ್ಟಿಗೆ ಕೂತು ಒಂದು ಮಗುವಿನ ವಿಷಯ ತೀರ್ಮಾನಿಸುವ ಸಭೆ ಅದು. ಈಗ ಫೋನಿನಲ್ಲೂ ನಡೆಯುತ್ತದೆ. ಆಗಿಲ್ಲ ಎಂದರೆ ಆಗಲಿ ಎಂದು ಕೇಳಿ.

ಅರಿವಳಿಕೆಯ ದಿನ ಮಗು ಹೊಟ್ಟೆ ಖಾಲಿ ಇರಬೇಕು: ಊಟಕ್ಕೆ ಆರು ಗಂಟೆ, ಎದೆಹಾಲಿಗೆ ನಾಲ್ಕು, ನೀರಿಗೆ ಎರಡು. 400 ಕಿಲೋಮೀಟರ್ ರಾತ್ರಿ ಪ್ರಯಾಣ ಮಾಡಿ ಬಂದ ಮಗುವಿಗೆ ನೆಗಡಿ ಕೆಮ್ಮು ಇದ್ದರೆ ಅರಿವಳಿಕೆ ವೈದ್ಯರು ಮುಂದೂಡುತ್ತಾರೆ. ಅವರ ತಪ್ಪಲ್ಲ. ಆದರೆ ಹಿಂದಿನ ದಿನ ಒಂದು ಫೋನ್ ಮಾಡಿದ್ದರೆ ಆ ರಾತ್ರಿ ಉಳಿಯುತ್ತಿತ್ತು. ಹೊರಡುವ ಮುಂಚೆ ಫೋನ್ ಮಾಡಿ, ಕೆಮ್ಮು ಜ್ವರ ಇದ್ದರೆ ಹೇಳಿ, ಹೊಸ ದಿನಾಂಕ ಕೈಗೆ ಬರುವವರೆಗೆ ಫೋನ್ ಇಡಬೇಡಿ.

ಹಾಗೇ ಸ್ಕ್ಯಾನ್. ಎರಡೂ ಕಣ್ಣಲ್ಲಿ ಬಂದಿದೆ ಎಂದರೆ ಮಗುವಿನ ಮೈಯ ಪ್ರತಿ ಜೀವಕೋಶದಲ್ಲೂ ಆರ್‌ಬಿ1 ಎಂಬ ಜೀನಿನ ಒಂದು ಪ್ರತಿ ಕೆಟ್ಟಿದೆ ಎಂದು ಅರ್ಥ. ಅಂಥ ಮಕ್ಕಳಿಗೆ ವಿಕಿರಣ ಒಳ್ಳೆಯದಲ್ಲ, ಮುಂದೆ ಮೂಳೆಯ ಕ್ಯಾನ್ಸರಿನಂಥದ್ದು ಬರುವ ಸಾಧ್ಯತೆ ಹೆಚ್ಚುತ್ತದೆ. ಅದಕ್ಕೇ ನಾವು ಸಿಟಿ ಬದಲು ಎಂಆರ್‌ಐ ಕೇಳುವುದು. ಒಂದು ಆಸ್ಪತ್ರೆಯ ಸಿಡಿ ಇನ್ನೊಂದು ಕಡೆ ತೆರೆಯಲಿಲ್ಲ ಎಂದು ಸುಮ್ನೆ ಮತ್ತೊಂದು ಸಿಟಿ ಮಾಡಿಸಿದ್ದು ನೋಡಿದ್ದೇನೆ. ಮಾಡಿಸುವ ಮುಂಚೆ ‘ಎರಡೂ ಕಣ್ಣಿನ ಕೇಸು, ಎಂಆರ್‌ಐ ಆಗಿದೆ’ ಎಂದು ಹೇಳಿ, ಸಿಡಿ ಮುಂದಿಡಿ.

ರಾಯಚೂರಿಗೆ ಬಂದ ಮೇಲೆ ಎರಡು ಕೆಲಸ. ಕೀಮೋ ಆದ ಒಂದರಿಂದ ಎರಡು ವಾರದ ನಡುವೆ ಮಗುವಿನ ರಕ್ತದ ಬಿಳಿಕಣ ತೀರಾ ಇಳಿದಿರುತ್ತದೆ. ಆಗ ಬರುವ ಜ್ವರವನ್ನು ಮಾಮೂಲಿ ಜ್ವರ ಎಂದು ಪ್ಯಾರಸಿಟಮಾಲ್ ಕೊಟ್ಟು ಮಲಗಿಸಬೇಡಿ. ಅದೇ ರಾತ್ರಿ ಆಸ್ಪತ್ರೆಗೆ ಹೋಗಬೇಕು, ರಕ್ತ ಪರೀಕ್ಷೆ ಆಗಬೇಕು, ಆ್ಯಂಟಿಬಯಾಟಿಕ್ ರಕ್ತನಾಳಕ್ಕೆ ಬೀಳಬೇಕು. ರಾತ್ರಿ ಡ್ಯೂಟಿಯ ಯುವ ಡಾಕ್ಟರಿಗೆ ಈ ಮಗುವಿನ ಕಥೆ ಗೊತ್ತಿರುವುದಿಲ್ಲ. ಕೀಮೋ ವೈದ್ಯರಿಂದ ಒಂದು ಪುಟದ ಚೀಟಿ ಬರೆಸಿಕೊಳ್ಳಿ: ಏನು ಕಾಯಿಲೆ, ಯಾವ ಔಷಧಿ, ಯಾವ ದಿನ ಕೊಟ್ಟಿದ್ದು, ಜ್ವರ ಬಂದರೆ ಏನು ಕೊಡಬೇಕು, ಯಾರಿಗೆ ಫೋನ್ ಮಾಡಬೇಕು. ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಬಾಗಿಲ ಹತ್ತಿರವೇ ನೇತುಹಾಕಿ. ಎರಡನೆಯದು ಲಸಿಕೆ. ಕೀಮೋ ನಡೆಯುವಾಗ ದಡಾರ-ರುಬೆಲ್ಲಾದಂಥ ಜೀವಂತ ಲಸಿಕೆ ಹಾಕಬಾರದು. ಮನೆಗೆ ಬರುವ ಆಶಾ ಕಾರ್ಯಕರ್ತೆಗೆ ಹೇಳಿಡಿ. ಇಲ್ಲವಾದರೆ ಒಳ್ಳೆಯ ಮನಸ್ಸಿನಿಂದಲೇ ಕರೆದುಕೊಂಡು ಹೋಗಿಬಿಡುತ್ತಾರೆ.

ದೂರದ ಬಗ್ಗೆ ಒಂದು ಮಾತು. ಬೆಂಗಳೂರಿನಲ್ಲಿ ಕಿದ್ವಾಯಿ, ನಾರಾಯಣ ನೇತ್ರಾಲಯದಂಥ ಸಂಸ್ಥೆಗಳಿವೆ. ಆದರೆ ರಾಯಚೂರಿನಿಂದ ಹೈದರಾಬಾದ್ ದೂರ ಬೆಂಗಳೂರಿನ ಅರ್ಧ. ಅಲ್ಲಿ ಎಲ್.ವಿ. ಪ್ರಸಾದ್ ಕಣ್ಣಿನ ಸಂಸ್ಥೆಯಲ್ಲಿ ಈ ಕಾಯಿಲೆಯನ್ನು ದಶಕಗಳಿಂದ ನೋಡುತ್ತಿದ್ದಾರೆ. ಎಲ್ಲಿ ಎನ್ನುವುದಕ್ಕಿಂತ, ಆರು ತಿಂಗಳು ತಪ್ಪದೆ ಎಲ್ಲಿಗೆ ಹೋಗಬಲ್ಲಿರಿ ಎನ್ನುವುದು ಮುಖ್ಯ. ಬೇರೆ ರಾಜ್ಯವಾದರೆ ನಿಮ್ಮ ಆಯುಷ್ಮಾನ್ ಕಾರ್ಡ್ ಅಲ್ಲಿ ನಡೆಯುತ್ತದೆಯೇ ಎಂದು ಮೊದಲೇ ಕೇಳಿ ಖಚಿತ ಮಾಡಿಕೊಳ್ಳಿ. ರೈಲಿನಲ್ಲಿ ಕ್ಯಾನ್ಸರ್ ರೋಗಿಯ ಜೊತೆ ಹೋಗುವ ಒಬ್ಬರಿಗೆ 75% ರಿಯಾಯಿತಿ ಇದೆ, ಆಸ್ಪತ್ರೆಯ ಪ್ರಮಾಣಪತ್ರ ಬೇಕು. ಐದು ವರ್ಷದೊಳಗಿನ ಮಗುವಿಗೆ ಪ್ರತ್ಯೇಕ ಬರ್ತ್ ಕೇಳದಿದ್ದರೆ ಹೇಗೂ ಟಿಕೆಟ್ ಬೇಡ. ಹೀಗಾಗಿ ಇದು ನಿಮ್ಮ ಜೇಬಿಗೇ ಉಳಿಯುವ ದುಡ್ಡು.

ರಕ್ತನಾಳದ ಮೂಲಕ ಸೀದಾ ಕಣ್ಣಿಗೇ ಕೀಮೋ ಬಿಡುವ ಹೊಸ ವಿಧಾನದ ಬಗ್ಗೆ ಯಾರಾದರೂ ಹೇಳಿರಬಹುದು. ಇದೆ, ಕೆಲವು ಕಣ್ಣುಗಳಿಗೆ ಚೆನ್ನಾಗಿ ಕೆಲಸ ಮಾಡುತ್ತದೆ, ದುಬಾರಿ. ಕಣ್ಣಿನ ಗೋಡೆಗೆ ಹೊಲಿಯುವ ಪುಟ್ಟ ವಿಕಿರಣ ಬಿಲ್ಲೆಯನ್ನು ನಮ್ಮ ದೇಶದ ಅಣು ಸಂಶೋಧನಾ ಕೇಂದ್ರ ಬಿಎಆರ್‌ಸಿಯೇ ಮಾಡಿಕೊಡುತ್ತದೆ. ಅದರ ವಿಕಿರಣ ಗಡ್ಡೆಯ ಸುತ್ತಮುತ್ತ ಅಷ್ಟೇ ಬೀಳುತ್ತದೆ, ಹೀಗಾಗಿ ಸರಿಯಾದ ಗಡ್ಡೆಗೆ ಅದೂ ಒಳ್ಳೆಯದೇ. ನಿಮ್ಮ ವೈದ್ಯರು ಹೇಳಿದರೆ ಆ ಮಾತು. ಆದರೆ ಹೊಸದಾಗಿ ಕೇಂದ್ರ ಶುರು ಮಾಡುವವರು ನನ್ನನ್ನು ‘ಮೊದಲು ಏನು ಕೊಳ್ಳಲಿ?’ ಎಂದು ಕೇಳಿದರೆ ನಾನು ಯಂತ್ರದ ಹೆಸರು ಹೇಳುವುದಿಲ್ಲ. ಒಬ್ಬ ನರ್ಸ್, ಒಂದು ಫೋನು, ಒಂದು ರಿಜಿಸ್ಟರ್ ಎನ್ನುತ್ತೇನೆ. ಬರಬೇಕಾದ ಮಗು ಬರಲಿಲ್ಲವೇ? ಮೂರನೇ ದಿನಕ್ಕೆ ಫೋನ್. ಎತ್ತಲಿಲ್ಲವೇ? ಊರಿನ ಆಶಾಗೆ ಫೋನ್. ನಾಲ್ಕು ವಾರ ಚಿಕಿತ್ಸೆ ತಪ್ಪಿದರೆ ಜಗತ್ತಿನ ಮಕ್ಕಳ ಕ್ಯಾನ್ಸರ್ ವೈದ್ಯರು ಅದನ್ನು ‘ಚಿಕಿತ್ಸೆ ಬಿಟ್ಟರು’ ಎಂದು ಲೆಕ್ಕ ಹಾಕುತ್ತಾರೆ. ಅಷ್ಟು ದಿನ ಕಾಯುವುದೇ ತಪ್ಪು. ನಿಮ್ಮ ಆಸ್ಪತ್ರೆಯಲ್ಲಿ ಇಂಥವರು ಇದ್ದರೆ ಅವರ ನಂಬರು ಡಾಕ್ಟರ ನಂಬರಿಗಿಂತ ಜಾಸ್ತಿ ಉಪಯೋಗಕ್ಕೆ ಬರುತ್ತದೆ. ಇಲ್ಲದಿದ್ದರೆ, ಸದ್ಯಕ್ಕೆ ಆ ಕೆಲಸ ನಿಮ್ಮದು. ಅಕ್ಕನದ್ದಲ್ಲ, ನಿಮ್ಮದು. ಒಂದು ದಪ್ಪ ಫೈಲು ಮಾಡಿ. ಎಲ್ಲ ವರದಿಯ ಫೋಟೋ ಫೋನಿನಲ್ಲೂ ಇರಲಿ. ಬಲಗಣ್ಣು ತೆಗೆದ ಮೇಲೆ ಲ್ಯಾಬ್ ವರದಿಯನ್ನು ನೀವೇ ಕೇಳಿ ತೆಗೆದುಕೊಂಡು ಕೀಮೋ ವೈದ್ಯರ ಮೇಜಿನ ಮೇಲಿಡಿ. ಹತ್ತು ದಿನಕ್ಕೆ ಫೋನ್, ಹದಿನೈದನೇ ದಿನಕ್ಕೆ ಇನ್ನೊಂದು ಫೋನ್.

ಇನ್ನು ನಿಮ್ಮ ಅಕ್ಕ. ಅವರನ್ನು ಎಲ್ಲ ಸಲವೂ ಅಲೆದಾಡಿಸಬೇಕಿಲ್ಲ, ನೀವೋ ಭಾವನೋ ಹೋಗಬಹುದು. ಕೀಮೋ ಆದ ಎರಡು ದಿನ ಮಗುವಿನ ಮೂತ್ರ, ವಾಂತಿ ಬಳಿಯುವ ಕೆಲಸವನ್ನೂ ಬೇರೆಯವರು ಮಾಡಲಿ, ಕೈಗವಸು ಹಾಕಿಕೊಂಡು. ಆದರೆ ಒಂದು ಸಲ ಅವರು, ಭಾವ ಇಬ್ಬರೂ ಬರಲೇಬೇಕು. ತಂದೆ ತಾಯಿಯ ಕಣ್ಣಿನ ಒಳಭಾಗವನ್ನೂ ನೋಡಬೇಕು. ತಮಗೇ ಗೊತ್ತಿಲ್ಲದೆ ವಾಸಿಯಾದ ಹಳೆಯ ಕಲೆ ಅಲ್ಲಿ ಇರಬಹುದು. ಮೊದಲು ಹುಡುಗನ ರಕ್ತದಲ್ಲಿ ಆರ್‌ಬಿ1 ಜೀನಿನ ಪರೀಕ್ಷೆ ಆಗಲಿ. ಯಾವ ಜಾಗದಲ್ಲಿ ಕೆಟ್ಟಿದೆ ಎಂದು ಗೊತ್ತಾದರೆ ಅದೇ ಜಾಗವನ್ನು ಅಪ್ಪ ಅಮ್ಮನಲ್ಲಿ ಹುಡುಕುವುದು ಸುಲಭ. ಬಹುಪಾಲು ಮನೆಗಳಲ್ಲಿ ಅಪ್ಪ ಅಮ್ಮನಲ್ಲಿ ಏನೂ ಇರುವುದಿಲ್ಲ, ಮಗುವಿನಲ್ಲೇ ಹೊಸದಾಗಿ ಆಗಿರುತ್ತದೆ. ಯಾರ ಪಾಪವೂ ಅಲ್ಲ, ಯಾರ ಶಾಪವೂ ಅಲ್ಲ, ಗ್ರಹಣಕ್ಕೂ ಇದಕ್ಕೂ ಸಂಬಂಧವಿಲ್ಲ. ಇಬ್ಬರಲ್ಲಿ ಒಬ್ಬರಿಗೆ ಇದ್ದರೆ ಮಾತ್ರ ಹುಟ್ಟುವ ಮಗುವಿಗೆ ಬರುವ ಸಾಧ್ಯತೆ ಅರ್ಧಕ್ಕರ್ಧ. ಇಲ್ಲದಿದ್ದರೂ ಪೂರ್ತಿ ಸೊನ್ನೆ ಎನ್ನಲಾಗದು. ಹೀಗಾಗಿ ಹುಟ್ಟಿದ ಮೊದಲ ವಾರದಲ್ಲೇ ಆ ಮಗುವಿನ ಕಣ್ಣನ್ನು ಹನಿ ಹಾಕಿ, ಪಾಪೆ ಅಗಲಿಸಿ ನೋಡಬೇಕು. ಜೀನ್ ವರದಿ ಬರುವವರೆಗೆ ಕೆಲವು ವಾರಕ್ಕೊಮ್ಮೆ ಮತ್ತೆ ಮತ್ತೆ ನೋಡುತ್ತಿರಬೇಕು. ಬಾಣಂತನ, ಹೊರಗೆ ಬರಬಾರದು ಎಂದು ಯಾರಾದರೂ ತಡೆದರೆ ಮಗುವನ್ನು ನೀವು ಎತ್ತಿಕೊಂಡು ಹೋಗಿ, ಹಾಲಿಗಾಗಿ ಅಕ್ಕ ಜೊತೆಗೆ ಬರಲಿ. ಹೆರಿಗೆಗೆ ಕೊಟ್ಟಿರುವ ದಿನಾಂಕವನ್ನು ಇವತ್ತೇ ಹುಡುಗನ ಫೈಲಿನ ಮೊದಲ ಪುಟದಲ್ಲಿ ಬರೆದುಬಿಡಿ. ಮುಂದಿನ ಸಲ ಕಣ್ಣಿನ ವೈದ್ಯರು ಫೈಲು ತೆರೆದ ಕೂಡಲೇ ಅದು ಕಾಣಲಿ.